ತೂಕ ಇಳಿಸುವ ಆಪರೇಷನ್: ಲಾಭ ಎಷ್ಟು, ತೊಡಕು ಯಾವಾಗ

ತೂಕ ಇಳಿಸುವ ಆಪರೇಷನ್ ಬಗ್ಗೆ ಮಾತು ಬಂದರೆ ಜನ ಎರಡೇ ಪ್ರಶ್ನೆ ಕೇಳುತ್ತಾರೆ. ಎಷ್ಟು ಕೆಜಿ ಇಳಿಯುತ್ತದೆ? ಜೀವಕ್ಕೆ ಅಪಾಯ ಇದೆಯಾ? ಎರಡೂ ಕೇಳಲೇಬೇಕಾದ ಪ್ರಶ್ನೆಗಳು, ಎರಡಕ್ಕೂ ಉತ್ತರ ಹೇಳುತ್ತೇನೆ. ಆದರೆ ಮೂರನೆಯದು ಒಂದಿದೆ, ಅದನ್ನು ಕೇಳುವವರು ಬಹಳ ಕಡಿಮೆ. ಐದು ವರ್ಷ ಆದ ಮೇಲೆ ನನ್ನ ರಕ್ತ ಪರೀಕ್ಷೆಯ ರಿಪೋರ್ಟ್ ನೋಡುವವರು ಯಾರು? ನನ್ನ ಇವತ್ತಿನ ಮಾತೆಲ್ಲ ಇದರ ಸುತ್ತಲೇ, ನೀವು ಚೀಟಿಯಲ್ಲಿ ಬರೆದು ಕಳಿಸಿದ ಪ್ರಶ್ನೆಗಳನ್ನು ಕೊನೆಯಲ್ಲಿ ತೆಗೆದುಕೊಳ್ಳುತ್ತೇನೆ. ಯಾಕೆಂದರೆ ಈ ಆಪರೇಷನ್‌ನ ತೊಡಕುಗಳಲ್ಲಿ ಬಹಳಷ್ಟು, ಆಸ್ಪತ್ರೆಯಲ್ಲಿ ಇರುವಾಗ ಬರುವುದಿಲ್ಲ. ಮನೆಗೆ ಹೋಗಿ, ಬಟ್ಟೆಯೆಲ್ಲ ಸಡಿಲವಾಗಿ, ಎಲ್ಲರೂ ಹೊಗಳುತ್ತಿರುವ ಕಾಲದಲ್ಲಿ ಬರುತ್ತವೆ.

ಮೊದಲು, ಒಳಗೆ ಏನು ಮಾಡುತ್ತಾರೆ ಅನ್ನುವುದನ್ನು ನೋಡೋಣ. ಈಗ ಹೆಚ್ಚಾಗಿ ನಡೆಯುವುದು ಎರಡು ಬಗೆ. ಒಂದು ಸ್ಲೀವ್. ಜಠರದ ಉದ್ದಕ್ಕೂ ಸ್ಟೇಪಲ್ ಹಾಕಿ ಕತ್ತರಿಸಿ ಸುಮಾರು ಮುಕ್ಕಾಲು ಭಾಗ ತೆಗೆದುಬಿಡುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ತೆಗೆದದ್ದನ್ನು ಮತ್ತೆ ಕೂಡಿಸಲು ಆಗುವುದಿಲ್ಲ, ಇದು ನೆನಪಿರಲಿ. ಇನ್ನೊಂದು ಗ್ಯಾಸ್ಟ್ರಿಕ್ ಬೈಪಾಸ್. ಇದರಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಎಂಎಲ್ ಹಿಡಿಯುವ ಸಣ್ಣ ಚೀಲ ಮಾಡಿ, ಅದಕ್ಕೆ ಸಣ್ಣ ಕರುಳನ್ನು ಕೆಳಗಿನಿಂದ ಎಳೆದು ತಂದು ಜೋಡಿಸುತ್ತಾರೆ. ಉಳಿದ ಜಠರ ಒಳಗೇ ಇರುತ್ತದೆ, ಆದರೆ ಊಟ ಆ ದಾರಿಯಲ್ಲಿ ಹೋಗುವುದಿಲ್ಲ. ಹಿಂದೆ ಜಠರಕ್ಕೆ ಬ್ಯಾಂಡ್ ಹಾಕುವುದು ಬಹಳ ನಡೆಯುತ್ತಿತ್ತು. ಅದು ಜಾರುವುದು, ಒಳಗೆ ಕೊರೆಯುವುದು, ತೂಕ ಸಾಕಷ್ಟು ಇಳಿಯದಿರುವುದು ಹೀಗೆಲ್ಲ ಆಗಿ, ಎಷ್ಟೋ ಜನರಲ್ಲಿ ಅದನ್ನು ತೆಗೆಯಬೇಕಾಯಿತು. ಈಗ ಹಾಕುವವರು ಅಪರೂಪ.

ಹೊಟ್ಟೆ ಚಿಕ್ಕದಾಯಿತು, ಊಟ ಕಡಿಮೆಯಾಯಿತು, ತೂಕ ಇಳಿಯಿತು. ಇಷ್ಟೇ ಅಂದುಕೊಂಡರೆ ಅರ್ಧ ಕಥೆ ಬಿಟ್ಟ ಹಾಗೆ. ಜಠರದ ಮೇಲ್ಭಾಗದಲ್ಲಿ ಗ್ರೆಲಿನ್ ಅನ್ನುವ ಹಾರ್ಮೋನ್ ತಯಾರಾಗುತ್ತದೆ, ಹಸಿವು ಎಬ್ಬಿಸುವುದು ಅದರ ಕೆಲಸ. ಸ್ಲೀವ್‌ನಲ್ಲಿ ಆ ಭಾಗವೇ ಹೊರಗೆ ಹೋಗುತ್ತದೆ. ಊಟ ಬೇಗ ಕರುಳಿಗೆ ಇಳಿಯುವುದರಿಂದ ಜಿಎಲ್‌ಪಿ-1 ಥರದ ಹಾರ್ಮೋನ್‌ಗಳು ಜಾಸ್ತಿ ಹೊರಡುತ್ತವೆ, ಸಾಕು ಅನ್ನುವ ಭಾವನೆ ಬೇಗ ಬರುತ್ತದೆ, ಇನ್ಸುಲಿನ್ ಚೆನ್ನಾಗಿ ಬರುತ್ತದೆ. ಅದಕ್ಕೇ ಬೈಪಾಸ್ ಆದವರಲ್ಲಿ ತೂಕ ಇಳಿಯುವ ಮೊದಲೇ, ಕೆಲವೇ ದಿನಗಳಲ್ಲಿ ಶುಗರ್ ಕೆಳಗೆ ಬರುತ್ತದೆ. ಮನೆಗೆ ಹೋಗುವಾಗ ಹಳೇ ಲೆಕ್ಕದಲ್ಲೇ ಇನ್ಸುಲಿನ್ ಹಾಕಿಕೊಂಡರೆ ಶುಗರ್ ಅಪಾಯದ ಮಟ್ಟಕ್ಕೆ ಇಳಿಯಬಹುದು. ಬಿಪಿ ಮಾತ್ರೆಗೂ ಇದೇ ಮಾತು. ಡಿಸ್ಚಾರ್ಜ್ ಆಗುವ ದಿನ ಔಷಧಿಯ ಚೀಟಿಯನ್ನು ಒಂದೊಂದೇ ಸಾಲು ಓದಿಸಿಕೊಂಡು, ಯಾವುದು ನಿಲ್ಲಬೇಕು, ಯಾವುದು ಅರ್ಧ ಆಗಬೇಕು ಎಂದು ಕೇಳಿಕೊಳ್ಳಿ.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಈ ಆಪರೇಷನ್ ಮಾಡಿಸಿಕೊಂಡವರಿಗೆ "ಸುಲಭದ ದಾರಿ ಹಿಡಿದರು", "ಬಾಯಿ ಕಟ್ಟಿದ್ದರೆ ಸಾಕಿತ್ತು" ಅನ್ನುವವರು ಇದ್ದಾರೆ. ಮನೆಯವರೇ ಅನ್ನುತ್ತಾರೆ. ತುಂಬಾ ದಪ್ಪ ಇರುವವರು ಡಯಟ್ ಮಾಡಿ ತೂಕ ಇಳಿಸಿದಾಗ ಅವರ ದೇಹ ಹಸಿವನ್ನು ಹೆಚ್ಚು ಮಾಡುತ್ತದೆ, ಶಕ್ತಿಯ ಖರ್ಚನ್ನು ಕಡಿಮೆ ಮಾಡುತ್ತದೆ, ಹಳೇ ತೂಕಕ್ಕೆ ಎಳೆಯುತ್ತಲೇ ಇರುತ್ತದೆ. ವರ್ಷಗಟ್ಟಲೆ ಅದರ ಜೊತೆ ಹೊಡೆದಾಡಿ ಸೋತವರು ಕೊನೆಗೆ ಇಲ್ಲಿಗೆ ಬರುತ್ತಾರೆ. ಅವರಿಗೆ ನಾಚಿಕೆ ಹುಟ್ಟಿಸುವುದರಿಂದ ಒಂದೇ ಪರಿಣಾಮ: ಆಪರೇಷನ್ ಆದದ್ದನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟವರು ಫಾಲೋ ಅಪ್‌ಗೂ ಬರುವುದಿಲ್ಲ, ಎಮರ್ಜೆನ್ಸಿಯಲ್ಲಿ ಹೇಳುವುದೂ ಇಲ್ಲ. ಇದರಿಂದ ಜೀವಕ್ಕೇ ಕುತ್ತು ಬರಬಹುದು, ಮುಂದೆ ಹೇಳುತ್ತೇನೆ.

ಈಗ ಲಾಭದ ಲೆಕ್ಕ. ಸ್ಲೀವ್ ಅಥವಾ ಬೈಪಾಸ್ ಆದವರಲ್ಲಿ ಒಂದೆರಡು ವರ್ಷದೊಳಗೆ ಇದ್ದ ತೂಕದ ಶೇಕಡಾ 25ರಿಂದ 30ರಷ್ಟು ಇಳಿಯುವುದು ಸಾಮಾನ್ಯ. 120 ಕೆಜಿ ಇದ್ದವರು 85-90ಕ್ಕೆ ಬರುತ್ತಾರೆ. 60ಕ್ಕೆ ಬರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಳ್ಳದೆ ಆಪರೇಷನ್ ಟೇಬಲ್ ಹತ್ತಿದವರಿಗೆ, ಎಲ್ಲ ಸರಿಯಾಗಿ ನಡೆದರೂ ಸೋತ ಹಾಗೆ ಅನ್ನಿಸುತ್ತದೆ.

ದೀರ್ಘಕಾಲದ ಮಾಹಿತಿಗೆ ನಾವು ನೋಡುವುದು ಸ್ವೀಡನ್ ದೇಶದ ಒಂದು ಅಧ್ಯಯನ. 1987ರಲ್ಲಿ ಶುರುವಾಯಿತು. ಆಪರೇಷನ್ ಆದ ಸುಮಾರು 2000 ಜನ, ಆಗದ ಸುಮಾರು 2000 ಜನ, ಇಬ್ಬರನ್ನೂ ದಶಕಗಟ್ಟಲೆ ನೋಡುತ್ತ ಬಂದರು. ಬೈಪಾಸ್ ಆದವರಲ್ಲಿ ಹತ್ತು ವರ್ಷದ ಮೇಲೂ ಸರಾಸರಿ ಶೇಕಡಾ 25ರಷ್ಟು ತೂಕ ಇಳಿದೇ ಇತ್ತು. ಬರೀ ಸಲಹೆ, ಡಯಟ್ ಅಂತ ಇದ್ದವರಲ್ಲಿ ತೂಕ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. 2020ರಲ್ಲಿ ಬಂದ ಫಲಿತಾಂಶದಲ್ಲಿ, ಆಪರೇಷನ್ ಆದವರ ಆಯುಷ್ಯ ಆಗದವರಿಗಿಂತ ಮೂರು ವರ್ಷ ಜಾಸ್ತಿ. ಆದರೆ ಅದೇ ಅಧ್ಯಯನದಲ್ಲಿ, ಇವರ ಆಯುಷ್ಯ ಸಾಮಾನ್ಯ ಜನಕ್ಕಿಂತ ಐದೂವರೆ ವರ್ಷ ಕಡಿಮೆಯೇ ಇತ್ತು. ಮೊದಲಿನ ಮಾತನ್ನು ಎಲ್ಲರೂ ಹೇಳುತ್ತಾರೆ, ಎರಡನೆಯದನ್ನು ಬಿಟ್ಟುಬಿಡುತ್ತಾರೆ. ಎರಡೂ ಕೇಳಿಸಿಕೊಳ್ಳಿ. ಗಣನೀಯ ಲಾಭ ಇದೆ, ಪೂರ್ತಿ ಗುಣ ಇಲ್ಲ.

ಶುಗರ್ ವಿಷಯದಲ್ಲೂ ಹಾಗೇ. ಅದೇ ಸ್ವೀಡನ್ ಅಧ್ಯಯನದಲ್ಲಿ, ಮೊದಲೇ ಡಯಾಬಿಟಿಸ್ ಇದ್ದವರಲ್ಲಿ ಶೇಕಡಾ 72 ಜನಕ್ಕೆ ಎರಡು ವರ್ಷದ ಹೊತ್ತಿಗೆ ಕಾಯಿಲೆ ಹಿಂದೆ ಸರಿದಿತ್ತು. ಹತ್ತು ವರ್ಷಕ್ಕೆ ನೋಡಿದರೆ ಶೇಕಡಾ 36. ಅಂದರೆ ಹೋದದ್ದು ಅರ್ಧ ಜನಕ್ಕೆ ವಾಪಸ್ ಬಂತು. ಡಯಾಬಿಟಿಸ್ ಬಂದು ಒಂದೆರಡು ವರ್ಷವಷ್ಟೇ ಆಗಿದ್ದು, ಇನ್ಸುಲಿನ್ ಇನ್ನೂ ಶುರುವಾಗಿಲ್ಲದವರಿಗೆ ಒಳ್ಳೆಯ ಫಲ ಸಿಗುವ ಸಾಧ್ಯತೆ ಹೆಚ್ಚು. ಹದಿನೈದು ವರ್ಷದಿಂದ ಇದ್ದು, ಇನ್ಸುಲಿನ್ ಮೇಲೆ ಇರುವವರಿಗೆ ಕಡಿಮೆ. ವಾಪಸ್ ಬಂದರೂ ನಡುವೆ ಶುಗರ್ ಹಿಡಿತದಲ್ಲಿದ್ದ ಅಷ್ಟು ವರ್ಷ ಕಣ್ಣು, ಕಿಡ್ನಿ ಉಳಿದವಲ್ವಾ? ಅದೂ ಲಾಭವೇ. ಆದರೆ "ನನಗೆ ಶುಗರ್ ಹೋಯ್ತು" ಎಂದು ಪರೀಕ್ಷೆಯನ್ನೇ ನಿಲ್ಲಿಸಿದವರಿಗೆ ಅದು ವಾಪಸ್ ಬಂದದ್ದು ತಿಳಿಯುವುದು ಬಹಳ ತಡವಾಗಿ. ಇನ್ನು ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆ, ಮಂಡಿ ನೋವು, ಲಿವರ್‌ನ ಕೊಬ್ಬು, ಪಿಸಿಓಎಸ್ (ಹೆಂಗಸರಲ್ಲಿ ಮುಟ್ಟು ಏರುಪೇರಾಗುವ ಹಾರ್ಮೋನ್ ತೊಂದರೆ) ಇವೆಲ್ಲ ಸಾಮಾನ್ಯವಾಗಿ ಸುಧಾರಿಸುತ್ತವೆ.

ಹಳೇ ಪಾಠ ಒಂದನ್ನು ಇಲ್ಲಿ ನೆನಪಿಸಬೇಕು. 1950ರ ದಶಕದಲ್ಲಿ ಶುರುವಾದ ಒಂದು ಆಪರೇಷನ್ ಇತ್ತು. ಸಣ್ಣ ಕರುಳಿನ ಬಹುಭಾಗವನ್ನು ದಾರಿಯಿಂದಲೇ ಬಿಟ್ಟುಬಿಡುತ್ತಿದ್ದರು. ತೂಕ ಚೆನ್ನಾಗಿಯೇ ಇಳಿಯಿತು. ಸಾವಿರಾರು ಜನಕ್ಕೆ ಮಾಡಿದರು. ಆಮೇಲೆ ಒಬ್ಬೊಬ್ಬರಾಗಿ ಲಿವರ್ ಕೆಟ್ಟು ಬಂದರು, ಕಿಡ್ನಿಯಲ್ಲಿ ಕಲ್ಲು, ಕೀಲು ನೋವು, ನಿಲ್ಲದ ಭೇದಿ. ಕೊನೆಗೆ ಅದನ್ನು ಕೈಬಿಟ್ಟರು, ಎಷ್ಟೋ ಜನಕ್ಕೆ ಮತ್ತೆ ಹೊಟ್ಟೆ ತೆರೆದು ಕರುಳನ್ನು ಮೊದಲಿನಂತೆ ಜೋಡಿಸಬೇಕಾಯಿತು. ಅಮೆರಿಕದ ಐಯೊವಾದಲ್ಲಿ ಡಾಕ್ಟರ್ ಎಡ್ವರ್ಡ್ ಮೇಸನ್ 1966ರಲ್ಲಿ ಗ್ಯಾಸ್ಟ್ರಿಕ್ ಬೈಪಾಸ್ ಶುರು ಮಾಡಿದ್ದು ಈ ಕಾಲದಲ್ಲೇ. ತೂಕದ ಯಂತ್ರದ ಮೇಲೆ ಗೆದ್ದ ಆಪರೇಷನ್, ಹತ್ತು ವರ್ಷದ ಮೇಲೆ ಸೋಲಬಹುದು. ಅದಕ್ಕೇ ಒಂದು ವರ್ಷದ ಫೋಟೋ ತೋರಿಸಿ ಯಾರಾದರೂ ಒಪ್ಪಿಸಲು ನೋಡಿದರೆ, ಹತ್ತು ವರ್ಷದವರ ಮಾಹಿತಿ ಕೇಳಿ.

ಈಗ ಅಪಾಯ. ಅಮೆರಿಕದ ಹಲವು ಆಸ್ಪತ್ರೆಗಳು ಸೇರಿ 4700ಕ್ಕೂ ಹೆಚ್ಚು ಜನರನ್ನು ನೋಡಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಪರೇಷನ್ ಆದ 30 ದಿನದೊಳಗೆ ತೀರಿಕೊಂಡವರು ಶೇಕಡಾ 0.3. ಸಾವಿರಕ್ಕೆ ಮೂರು. ದೊಡ್ಡ ತೊಂದರೆ ಆದವರು ಶೇಕಡಾ 4ರಷ್ಟು. ಕಾಲಿನಲ್ಲಿ ಹಿಂದೆ ರಕ್ತ ಹೆಪ್ಪುಗಟ್ಟಿದ್ದವರು, ನಿದ್ದೆಯಲ್ಲಿ ಉಸಿರು ನಿಲ್ಲುವವರು, ಸ್ವಲ್ಪ ದೂರವೂ ನಡೆಯಲಾಗದವರು, ಇವರಿಗೆ ಅಪಾಯ ಹೆಚ್ಚಿತ್ತು. ಒಟ್ಟಾರೆ ನೋಡಿದರೆ ಭಯಪಡುವ ಸಂಖ್ಯೆ ಅಲ್ಲ. ಜನ ಹೆದರುವುದು ಆಪರೇಷನ್ ದಿನಕ್ಕೆ, ಹೆದರಬೇಕಾದದ್ದು ಅದಕ್ಕಿಂತ ಮುಂದಿನದಕ್ಕೆ.

ಮೊದಲ ವಾರದ ತೊಂದರೆಗಳು ಮೂರು: ರಕ್ತಸ್ರಾವ, ರಕ್ತ ಹೆಪ್ಪುಗಟ್ಟುವುದು, ಸ್ಟೇಪಲ್ ಹಾಕಿದ ಕಡೆ ಸೋರುವುದು. ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋದರೆ ಪ್ರಾಣ ಹೋಗಬಹುದು. ಅದಕ್ಕೇ ಅದೇ ದಿನ ಎಬ್ಬಿಸಿ ನಡೆಸುತ್ತಾರೆ, ರಕ್ತ ತೆಳುವಾಗಿಸುವ ಇಂಜೆಕ್ಷನ್ ಕೊಡುತ್ತಾರೆ, ಕೆಲವರಿಗೆ ಮನೆಯಲ್ಲೂ ಕೆಲವು ವಾರ ಮುಂದುವರಿಸಿ ಅನ್ನುತ್ತಾರೆ. ಹೊಟ್ಟೆಗೆ ಚುಚ್ಚಿಕೊಳ್ಳುವುದು ಬೇಜಾರು ಅಂತ ಬಿಡಬೇಡಿ.

ಸೋರಿಕೆ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನೂರರಲ್ಲಿ ಒಬ್ಬರಿಗೆ ಆಗುವ ಸಂಗತಿ, ಆದರೆ ತಡವಾದರೆ ಕೆಟ್ಟದ್ದು. ಹೊಟ್ಟೆಯೊಳಗೆ ಸೋರಿದರೆ ಹೊಟ್ಟೆ ಗಟ್ಟಿಯಾಗುತ್ತದೆ, ಮುಟ್ಟಿದರೆ ಕೂಗುತ್ತಾರೆ, ಜ್ವರ ಬರುತ್ತದೆ ಅಂತೆಲ್ಲ ನಾವು ಓದಿರುತ್ತೇವೆ. ತುಂಬಾ ದಪ್ಪ ಇರುವವರಲ್ಲಿ ಇದು ಯಾವುದೂ ಕಾಣದೇ ಇರಬಹುದು. ಕಾಣುವುದು ನಾಡಿ. ಸುಮ್ಮನೆ ಮಲಗಿದ್ದಾರೆ, ಮಾತಾಡುತ್ತಿದ್ದಾರೆ, "ಯಾಕೋ ಸರಿ ಅನ್ನಿಸ್ತಿಲ್ಲ" ಅನ್ನುತ್ತಾರೆ, ಎಡ ಭುಜ ನೋಯುತ್ತದೆ ಅನ್ನುತ್ತಾರೆ. ಬೆರಳಿಗೆ ಸಿಕ್ಕಿಸಿದ ಯಂತ್ರದಲ್ಲಿ ನಾಡಿ 120 ದಾಟಿ ನಿಂತಿದೆ, ಇಳಿಯುತ್ತಿಲ್ಲ. ಇಷ್ಟು ಸಾಕು, ಡಾಕ್ಟರು ಬಂದು ನೋಡಲೇಬೇಕು. ಸ್ಕ್ಯಾನ್ ಸರಿ ಇದ್ದರೂ ಅನುಮಾನ ಉಳಿದರೆ ಮತ್ತೆ ಒಳಗೆ ಹೋಗಿ ನೋಡುವುದು ತಪ್ಪಲ್ಲ. ಸ್ಲೀವ್‌ನಲ್ಲಿ ಸೋರಿಕೆ ಮನೆಗೆ ಹೋದ ಮೇಲೂ, ಎರಡನೇ ವಾರದಲ್ಲೂ ಬರಬಹುದು. ಮನೆಯಲ್ಲಿ ನೋಡಿಕೊಳ್ಳುವವರಿಗೆ ನಾಡಿ ಎಣಿಸಲು ಕಲಿಸಿ. ನಿಮಿಷಕ್ಕೆ ಎಷ್ಟು ಅಂತ ಎಣಿಸಲು ಒಂದು ಗಡಿಯಾರ ಸಾಕು.

ಇನ್ನು ವಾಂತಿ. ಮೊದಲ ಕೆಲವು ವಾರ ಬೇಗ ತಿಂದರೆ, ಸರಿಯಾಗಿ ಅಗಿಯದೆ ನುಂಗಿದರೆ ವಾಂತಿ ಆಗುತ್ತದೆ, ಅದೇನೂ ದೊಡ್ಡದಲ್ಲ. ಆದರೆ ಕೆಲವರಿಗೆ ಜೋಡಿಸಿದ ಜಾಗ ಕಿರಿದಾಗಿ, ದಿನಾ ವಾಂತಿ. ನೀರೂ ನಿಲ್ಲುವುದಿಲ್ಲ. "ಆಪರೇಷನ್ ಆದವರಿಗೆಲ್ಲ ಹೀಗೇ ಆಗತ್ತಂತೆ" ಎಂದು ಮನೆಯಲ್ಲೇ ತಳ್ಳುತ್ತಾರೆ. ಇಲ್ಲಿ ಸಮಯ ಮುಖ್ಯ. ಥಯಾಮಿನ್, ಅಂದರೆ ವಿಟಮಿನ್ ಬಿ1, ದೇಹದಲ್ಲಿ ಎರಡು ಮೂರು ವಾರಕ್ಕೆ ಆಗುವಷ್ಟೇ ಸಂಗ್ರಹ ಇರುತ್ತದೆ. ಅದು ಮುಗಿದರೆ ಮೆದುಳಿಗೆ ಪೆಟ್ಟು.

ಹೇಗೆ ಕಾಣುತ್ತದೆ ಅಂದರೆ, ಮೂರು ನಾಲ್ಕು ವಾರದಿಂದ ವಾಂತಿ ಮಾಡಿಕೊಳ್ಳುತ್ತಿರುವ ಒಬ್ಬರು ಬರುತ್ತಾರೆ. ಒಂದು ವಸ್ತು ಎರಡಾಗಿ ಕಾಣುತ್ತದೆ ಅನ್ನುತ್ತಾರೆ. ಕಣ್ಣುಗುಡ್ಡೆ ನೋಡಿದರೆ ಪಕ್ಕಕ್ಕೆ ತಿರುಗುವಾಗ ಅದುರುತ್ತಿರುತ್ತದೆ. ನಡೆಯುವಾಗ ಕಾಲು ಅಗಲಿಸಿ, ಗೋಡೆ ಹಿಡಿದು ನಡೆಯುತ್ತಾರೆ. ಬೆಳಿಗ್ಗೆ ಏನು ತಿಂದಿರಿ ಅಂದರೆ ತಡವರಿಸುತ್ತಾರೆ. ನೋಡಿದವರು ಸುಸ್ತು ಅಂದುಕೊಂಡು ಗ್ಲೂಕೋಸ್ ಡ್ರಿಪ್ ಹಾಕುತ್ತಾರೆ. ಅದು ಇರುವ ಚೂರುಪಾರು ಥಯಾಮಿನ್ನನ್ನೂ ಖರ್ಚು ಮಾಡಿ ಪರಿಸ್ಥಿತಿ ಹದಗೆಡಿಸಬಹುದು. ಮೊದಲು ಥಯಾಮಿನ್ ಇಂಜೆಕ್ಷನ್, ಆಮೇಲೆ ಗ್ಲೂಕೋಸ್. ಬೇಗ ಕೊಟ್ಟರೆ ಕಣ್ಣು ಸರಿಹೋಗುವುದನ್ನು ಗಂಟೆಗಳಲ್ಲೇ, ಒಂದೆರಡು ದಿನದಲ್ಲೇ ನೋಡಬಹುದು. ತಡವಾದರೆ ನೆನಪಿನ ಶಕ್ತಿ ಶಾಶ್ವತವಾಗಿ ಹೋಗಬಹುದು. ಇಷ್ಟು ಅಗ್ಗದ ಒಂದು ವಿಟಮಿನ್‌ಗೆ ಒಬ್ಬರ ನೆನಪು ಹೋಗುವುದನ್ನು ನನಗೆ ಒಪ್ಪಿಕೊಳ್ಳಲು ಆಗುವುದಿಲ್ಲ. ಎರಡು ಮೂರು ದಿನ ಬಿಡದೆ ವಾಂತಿ ಆದರೆ ಆಪರೇಷನ್ ಮಾಡಿದ ಕಡೆ ಫೋನ್ ಮಾಡಿ, ಬಿ1 ಕೊಡಿ ಎಂದು ಬಾಯಿಬಿಟ್ಟು ಕೇಳಿ.

ಮೂರನೇ ತಿಂಗಳಿಂದ ಆರನೇ ತಿಂಗಳವರೆಗೆ ಕೂದಲು ಉದುರುತ್ತದೆ. ಬಾಚಣಿಗೆ ತುಂಬ ಬರುತ್ತದೆ, ಹೆಂಗಸರು ಅತ್ತುಬಿಡುತ್ತಾರೆ. ಬೇಗ ತೂಕ ಇಳಿದಾಗ ಹೀಗಾಗುತ್ತದೆ, ಬಹುತೇಕ ಮತ್ತೆ ಬೆಳೆಯುತ್ತದೆ. ದಿನಕ್ಕೆ 60 ಗ್ರಾಮಿಗೆ ಕಡಿಮೆಯಾಗದಂತೆ ಪ್ರೋಟೀನ್ ತಿನ್ನಿ. ವರ್ಷ ಕಳೆದರೂ ಉದುರುತ್ತಿದ್ದರೆ ಕಬ್ಬಿಣ, ಜಿಂಕ್, ಥೈರಾಯ್ಡ್ ನೋಡಿಸಿ. ಪಿತ್ತಕೋಶದ ಕಲ್ಲೂ ಈ ಕಾಲದಲ್ಲೇ. ಬೇಗ ತೂಕ ಇಳಿದರೆ ಪಿತ್ತದಲ್ಲಿ ಕೊಲೆಸ್ಟ್ರಾಲ್ ಗಟ್ಟಿಯಾಗುತ್ತದೆ. ಅದನ್ನು ತಡೆಯಲು ಅರ್ಸೊಡಿಆಕ್ಸಿಕೋಲಿಕ್ ಆಸಿಡ್ ಅನ್ನುವ ಮಾತ್ರೆಯನ್ನು ಆರು ತಿಂಗಳು ಕೊಡುತ್ತಾರೆ. ಚರ್ಮ ಜೋತುಬೀಳುವುದು ಇನ್ನೊಂದು. ಮಡಿಕೆಗಳಲ್ಲಿ ಬೆವರು, ಹುಣ್ಣು. ಕೆಲವರಿಗೆ ಅದಕ್ಕೆ ಇನ್ನೊಂದು ಆಪರೇಷನ್ನೇ ಬೇಕಾಗುತ್ತದೆ, ಅದನ್ನು ತೂಕ ಒಂದು ಕಡೆ ನಿಂತ ಮೇಲೆ ಮಾಡುತ್ತಾರೆ.

ಸಿಹಿ ತಿಂದ ಹತ್ತು ಇಪ್ಪತ್ತು ನಿಮಿಷಕ್ಕೆ ಎದೆ ಡವಡವ, ಬೆವರು, ಹೊಟ್ಟೆ ಹಿಂಡುವುದು, ಭೇದಿ. ಇದಕ್ಕೆ ಡಂಪಿಂಗ್ ಅನ್ನುತ್ತಾರೆ, ಬೈಪಾಸ್ ಆದವರಲ್ಲಿ ಜಾಸ್ತಿ. ಸಿಹಿ ಬಿಟ್ಟು, ಊಟದ ಜೊತೆ ನೀರು ಕುಡಿಯದೆ ಇದ್ದರೆ ಬಹುತೇಕ ಹಿಡಿತಕ್ಕೆ ಬರುತ್ತದೆ. ಬೇರೆ ಒಂದು ಬಗೆ ಇದೆ, ಅದು ಆಪರೇಷನ್ ಆಗಿ ವರ್ಷ ಕಳೆದ ಮೇಲೆ ಬರುತ್ತದೆ. ಊಟ ಆಗಿ ಒಂದರಿಂದ ಮೂರು ಗಂಟೆಯೊಳಗೆ ಶುಗರ್ ಒಮ್ಮೆಲೇ ಕೆಳಗೆ ಬೀಳುತ್ತದೆ. ಕೈ ನಡುಕ, ಮಂಕು, ಕೆಲವರಿಗೆ ಪ್ರಜ್ಞೆಯೇ ತಪ್ಪುತ್ತದೆ. ಗಾಡಿ ಓಡಿಸುತ್ತಿದ್ದರೆ ಯೋಚನೆ ಮಾಡಿ. "ನನಗೆ ಶುಗರ್ ಕಾಯಿಲೆಯೇ ಇರಲಿಲ್ಲ, ಲೋ ಶುಗರ್ ಹೇಗೆ ಬರತ್ತೆ" ಎಂದು ಆಶ್ಚರ್ಯಪಡುತ್ತಾರೆ. ಬರುತ್ತದೆ. ಆ ಹೊತ್ತಿಗೆ ಗ್ಲೂಕೋಮೀಟರ್‌ನಲ್ಲಿ ನೋಡಿ, ಬರೆದಿಟ್ಟುಕೊಂಡು ಡಾಕ್ಟರಿಗೆ ತೋರಿಸಿ.

ಮುಚ್ಚಿಟ್ಟರೆ ಕುತ್ತು ಅಂದೆನಲ್ಲ, ಅದು ಇದು. ಬೈಪಾಸ್‌ನಲ್ಲಿ ಕರುಳನ್ನು ಮೇಲೆ ಎಳೆದು ತಂದು ಜೋಡಿಸಿದಾಗ, ಕರುಳನ್ನು ಹಿಡಿದಿಡುವ ಪೊರೆಗಳ ನಡುವೆ ಸಂದುಗಳು ಉಂಟಾಗುತ್ತವೆ. ಹೊಲಿಗೆ ಹಾಕಿ ಮುಚ್ಚಿರುತ್ತಾರೆ. ತೂಕ ಇಳಿಯುತ್ತ ಬಂದ ಹಾಗೆ ಆ ಪೊರೆಯ ಕೊಬ್ಬೂ ಕರಗುತ್ತದೆ, ಸಂದು ಮತ್ತೆ ಬಿಡುತ್ತದೆ. ಅದರೊಳಗೆ ಕರುಳು ನುಗ್ಗಿ ತಿರುಚಿಕೊಳ್ಳಬಹುದು. ಒಂದು ವರ್ಷಕ್ಕೆ ಆಗಬಹುದು, ಎಂಟು ವರ್ಷಕ್ಕೂ ಆಗಬಹುದು. ನೋವು ಊಟ ಆದ ಮೇಲೆ ಹಿಂಡಿ ಹಿಂಡಿ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಎಮರ್ಜೆನ್ಸಿಗೆ ಹೋದಾಗ ನೋವು ನಿಂತಿರುತ್ತದೆ, ಸ್ಕ್ಯಾನ್‌ನಲ್ಲೂ ಏನೂ ಕಾಣದೇ ಇರಬಹುದು, ಗ್ಯಾಸ್ಟ್ರಿಕ್ ಎಂದು ಮಾತ್ರೆ ಕೊಟ್ಟು ಕಳಿಸುತ್ತಾರೆ. ತಿರುಚಿಕೊಂಡ ಕರುಳಿಗೆ ರಕ್ತ ಹೋಗದಿದ್ದರೆ ಅದು ಕೊಳೆಯುತ್ತದೆ. ಅದು ಗಂಟೆಗಳ ಲೆಕ್ಕ. ಗರ್ಭಿಣಿಯರಲ್ಲಿ ಇನ್ನೂ ಎಚ್ಚರ ಬೇಕು, ಗರ್ಭಕೋಶ ಬೆಳೆದು ಕರುಳನ್ನು ತಳ್ಳುತ್ತದೆ, ನೋವನ್ನು ಬಸಿರಿನ ನೋವು ಅಂದುಕೊಂಡು ಬಿಡುತ್ತಾರೆ.

ಅದಕ್ಕೇ, ಎಲ್ಲಿಗೇ ಹೋದರೂ ಮೊದಲ ಮಾತು "ನನಗೆ ತೂಕದ ಆಪರೇಷನ್ ಆಗಿದೆ" ಎಂದಿರಲಿ. ಹೃದಯದ ಬೈಪಾಸ್ ಅಲ್ಲ, ಹೊಟ್ಟೆಯದು ಎಂದು ಬಿಡಿಸಿ ಹೇಳಿ. ಯಾವ ಬಗೆ, ಯಾವ ವರ್ಷ ಅನ್ನುವುದನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿ ಇಟ್ಟುಕೊಳ್ಳಿ, ಡಿಸ್ಚಾರ್ಜ್ ಸಮ್ಮರಿಯ ಫೋಟೋ ಮೊಬೈಲಿನಲ್ಲಿ ಇರಲಿ.

ಬೈಪಾಸ್ ಆದವರಿಗೆ ಇನ್ನೊಂದು ಎಚ್ಚರಿಕೆ, ಜೋಡಿಸಿದ ಜಾಗದಲ್ಲಿ ಹುಣ್ಣು. ಎರಡು ದೊಡ್ಡ ಕಾರಣ, ಸಿಗರೇಟು ಮತ್ತು ನೋವಿನ ಮಾತ್ರೆ. ಐಬುಪ್ರೊಫೆನ್, ಡೈಕ್ಲೋಫೆನಾಕ್ ಥರದವು. ದಪ್ಪ ಇದ್ದ ಕಾಲದಲ್ಲಿ ಮಂಡಿ ನೋವಿಗೆ ಅವನ್ನು ನುಂಗಿ ನುಂಗಿ ಅಭ್ಯಾಸ ಆಗಿರುತ್ತದೆ. ಹುಣ್ಣು ತೂತಾಗಿ ರಾತ್ರೋರಾತ್ರಿ ಆಪರೇಷನ್ ಆಗಬೇಕಾಗಿ ಬರಬಹುದು. ನೋವಿಗೆ ಪ್ಯಾರಾಸಿಟಮಾಲ್ ಸಾಕಾಗದಿದ್ದರೆ ಕೇಳಿ ತಗೊಳ್ಳಿ, ಮೆಡಿಕಲ್ ಸ್ಟೋರಿನಲ್ಲಿ ಸುಮ್ನೆ ಕೊಂಡು ನುಂಗಬೇಡಿ.

ಸ್ಲೀವ್‌ನ ದೊಡ್ಡ ಸಮಸ್ಯೆ ಎದೆಯುರಿ. ಕೊಳವೆ ಕಿರಿದು, ಒತ್ತಡ ಜಾಸ್ತಿ, ಆಸಿಡ್ ಮೇಲೆ ಬರುತ್ತದೆ. ಫಿನ್‌ಲೆಂಡ್‌ನಲ್ಲಿ 240 ಜನರನ್ನು ಸ್ಲೀವ್ ಮತ್ತು ಬೈಪಾಸ್ ಎಂದು ಹಂಚಿ ಹತ್ತು ವರ್ಷ ನೋಡಿದ ಅಧ್ಯಯನದಲ್ಲಿ, ಎಂಡೋಸ್ಕೋಪಿ (ಬಾಯಿಯಿಂದ ಕ್ಯಾಮೆರಾ ಕೊಳವೆ ಇಳಿಸಿ ನೋಡುವುದು) ಮಾಡಿದಾಗ ಅನ್ನನಾಳದಲ್ಲಿ ಉರಿಯೂತ ಇದ್ದದ್ದು ಸ್ಲೀವ್ ಆದವರಲ್ಲಿ ಶೇಕಡಾ 31, ಬೈಪಾಸ್ ಆದವರಲ್ಲಿ ಶೇಕಡಾ 7. ಈಗಾಗಲೇ ಜೋರು ಎದೆಯುರಿ ಇರುವವರು ಸ್ಲೀವ್‌ಗೆ ಒಪ್ಪುವ ಮೊದಲು ಎಂಡೋಸ್ಕೋಪಿ ಮಾಡಿಸಿ, ಬೈಪಾಸ್ ಬಗ್ಗೆಯೂ ಕೇಳಿ. "ಸ್ಲೀವ್ ಸರಳ" ಅನ್ನುವುದು ಆಪರೇಷನ್ ಮಾಡುವವರ ದೃಷ್ಟಿಯಿಂದ ನಿಜ. ಅದರ ಜೊತೆ ಮೂವತ್ತು ವರ್ಷ ಬಾಳುವವರ ದೃಷ್ಟಿಯಿಂದ ಲೆಕ್ಕ ಬೇರೆ. ಇದು ನನ್ನ ಅಭಿಪ್ರಾಯ, ಒಪ್ಪದ ಸರ್ಜನ್‌ಗಳೂ ಇದ್ದಾರೆ.

ಈಗ ನಿಧಾನವಾಗಿ ಬರುವ ಕೊರತೆಗಳು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ. ಬಿ12 ನಮ್ಮ ಲಿವರ್‌ನಲ್ಲಿ ವರ್ಷಗಳಿಗೆ ಆಗುವಷ್ಟು ಸಂಗ್ರಹ ಇರುತ್ತದೆ. ಹಾಗಾಗಿ ಮಾತ್ರೆ ನಿಲ್ಲಿಸಿದ ಮೊದಲ ವರ್ಷ ಏನೂ ಆಗುವುದಿಲ್ಲ, ಎರಡನೇ ವರ್ಷವೂ ಚೆನ್ನಾಗಿರುತ್ತೀರಿ. ನಿಲ್ಲಿಸಿದ್ದು ಸರಿ ಅನ್ನಿಸುತ್ತದೆ. ಆಮೇಲೆ ಪಾದ ಜೋಮು ಹಿಡಿಯುತ್ತದೆ, ಕತ್ತಲಲ್ಲಿ ನಡೆದರೆ ತೂರಾಡುತ್ತದೆ, ಮೆಟ್ಟಿಲು ಹತ್ತಿದರೆ ಏದುಸಿರು. ನರಕ್ಕೆ ಆದ ಹಾನಿ ಪೂರ್ತಿ ವಾಪಸ್ ಬರುತ್ತದೆ ಎಂದು ಹೇಳಲಾಗದು. ಮುಟ್ಟು ಆಗುವ ಹೆಂಗಸರಲ್ಲಿ ಕಬ್ಬಿಣ ಇನ್ನೂ ಬೇಗ ಖಾಲಿ. ಕ್ಯಾಲ್ಸಿಯಂ ಕಡಿಮೆಯಾದರೆ ದೇಹ ಮೂಳೆಯಿಂದ ತೆಗೆದುಕೊಂಡು ರಕ್ತದ ಮಟ್ಟ ಕಾಪಾಡುತ್ತದೆ. ರಿಪೋರ್ಟ್‌ನಲ್ಲಿ ಕ್ಯಾಲ್ಸಿಯಂ ಸರಿ ಇರುತ್ತದೆ, ಮೂಳೆ ಟೊಳ್ಳಾಗುತ್ತಿರುತ್ತದೆ. ಅದಕ್ಕೇ ಮೂಳೆಯಿಂದ ಕ್ಯಾಲ್ಸಿಯಂ ಎಳೆಯುವ ಪ್ಯಾರಾಥೈರಾಯ್ಡ್ ಹಾರ್ಮೋನ್ ಪರೀಕ್ಷೆಯೂ ಬೇಕು. ಕ್ಯಾಲ್ಸಿಯಂ ಮಾತ್ರೆಯಲ್ಲಿ ಸಿಟ್ರೇಟ್ ಇರುವುದು ಒಳ್ಳೆಯದು, ಆಸಿಡ್ ಕಡಿಮೆ ಇದ್ದರೂ ಹೀರಿಕೊಳ್ಳುತ್ತದೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ನುಂಗಬೇಡಿ, ಎರಡು ಗಂಟೆ ಅಂತರ ಇರಲಿ. ಈ ಮಾತ್ರೆಗಳು ಜೀವನಪೂರ್ತಿ. ಇದಕ್ಕೆ ಮನಸ್ಸು ಒಪ್ಪದಿದ್ದರೆ ಆಪರೇಷನ್‌ಗೂ ಒಪ್ಪಬೇಡಿ.

ಮಗು ಬೇಕು ಅನ್ನುವವರಿಗೆ: ಆಪರೇಷನ್ ಆಗಿ 12ರಿಂದ 18 ತಿಂಗಳು ಕಾಯಲು ಹೇಳುತ್ತಾರೆ. ತೂಕ ಇಳಿದ ಕೂಡಲೇ ನಿಂತುಹೋಗಿದ್ದ ಮುಟ್ಟು ಸರಿಹೋಗಿ, ನಿರೀಕ್ಷೆಯೇ ಇಲ್ಲದೆ ಗರ್ಭ ನಿಲ್ಲಬಹುದು. ಬೈಪಾಸ್ ಆದವರಲ್ಲಿ ಗರ್ಭನಿರೋಧಕ ಮಾತ್ರೆಯನ್ನು ಪೂರ್ತಿ ನಂಬಲಾಗದು, ಬೇರೆ ವಿಧಾನ ಕೇಳಿ. ಬಸಿರಿನಲ್ಲಿ ಶುಗರ್ ನೋಡಲು ಗ್ಲೂಕೋಸ್ ನೀರು ಕುಡಿಸುವ ಪರೀಕ್ಷೆ ಮಾಡುತ್ತಾರಲ್ವಾ, ಬೈಪಾಸ್ ಆದವರು ಅದನ್ನು ಕುಡಿದರೆ ಡಂಪಿಂಗ್ ಆಗಿ ಬಿದ್ದುಬಿಡಬಹುದು. ಮೊದಲೇ ಹೇಳಿದರೆ ಬೇರೆ ರೀತಿಯಲ್ಲಿ ನೋಡುತ್ತಾರೆ.

ಮನಸ್ಸಿನ ವಿಷಯಕ್ಕೆ ಬರುತ್ತೇನೆ. ಬೈಪಾಸ್ ಆದ ಮೇಲೆ ಮದ್ಯ ರಕ್ತಕ್ಕೆ ಬೇಗ ಏರುತ್ತದೆ, ಮೊದಲಿಗಿಂತ ಕಡಿಮೆ ಕುಡಿದರೂ ಅಮಲು ಹೆಚ್ಚು. 2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ಕುಡಿತದ ತೊಂದರೆ ಇದ್ದವರು ಆಪರೇಷನ್‌ಗೆ ಮುಂಚೆ ಶೇಕಡಾ 7.6 ಇದ್ದದ್ದು, ಎರಡನೇ ವರ್ಷ ಶೇಕಡಾ 9.6 ಆಗಿತ್ತು. ಮೊದಲ ವರ್ಷ ಹೆಚ್ಚಾಗಿರಲಿಲ್ಲ, ಗಮನಿಸಿ. ಇನ್ನೊಂದು ಅಧ್ಯಯನ, 2007ರಲ್ಲಿ ಅಮೆರಿಕದ ಯೂಟಾ ರಾಜ್ಯದಿಂದ ಬಂದದ್ದು. ಬೈಪಾಸ್ ಆದವರಲ್ಲಿ, ಆಗದವರಿಗಿಂತ ಒಟ್ಟು ಸಾವು ಶೇಕಡಾ 40ರಷ್ಟು ಕಡಿಮೆ, ಡಯಾಬಿಟಿಸ್‌ನಿಂದ ಸಾಯುವುದು ಬಹುತೇಕ ನಿಂತೇ ಹೋಗಿತ್ತು. ಆದರೆ ಅಪಘಾತ, ಆತ್ಮಹತ್ಯೆಯಂಥ ಕಾಯಿಲೆಯಲ್ಲದ ಕಾರಣಗಳಿಂದ ಆದ ಸಾವು ಆಪರೇಷನ್ ಆದವರಲ್ಲೇ ಹೆಚ್ಚು. ತೂಕ ಇಳಿದರೆ ಬದುಕು ಪೂರ್ತಿ ಬದಲಾಗುತ್ತದೆ ಎಂದು ಕಾದವರಿಗೆ ಅದೇ ಮನೆ, ಅದೇ ಕೆಲಸ, ಅದೇ ಜಗಳ ಉಳಿದಾಗ ಆಗುವ ನಿರಾಸೆ ಸಣ್ಣದಲ್ಲ. ಊಟದಲ್ಲಿ ಸಮಾಧಾನ ಹುಡುಕುತ್ತಿದ್ದವರಿಗೆ ಆ ದಾರಿಯೂ ಮುಚ್ಚಿರುತ್ತದೆ. ಮನೆಯವರು ದಯವಿಟ್ಟು ಗಮನ ಇಡಿ. ಮೌನವಾದರೆ, ಬದುಕು ಬೇಡ ಅನ್ನುವ ಮಾತು ಬಂದರೆ, ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಒಬ್ಬರೇ ಇರಲು ಬಿಡಬೇಡಿ.

ತೂಕ ವಾಪಸ್ ಬರುವುದರ ಬಗ್ಗೆ ಕೇಳಿದ್ದೀರಿ. ಎರಡನೇ ವರ್ಷದ ನಂತರ ಕೆಲವು ಕೆಜಿ ಏರುವುದು ಬಹುತೇಕ ಎಲ್ಲರಿಗೂ ಆಗುತ್ತದೆ. ಅದಕ್ಕೆ ನಾಚಿಕೊಂಡು ತಪಾಸಣೆಗೆ ಬರದೇ ಇರುವವರು ಬಹಳ. ತೂಕದ ಜೊತೆ ಬಿ12ನ್ನೂ, ಮೂಳೆಯನ್ನೂ ನೋಡಿಸುವುದು ತಪ್ಪಿಹೋಗುತ್ತದೆ. ಜಾಸ್ತಿ ಏರಿದ್ದರೆ ಕಾರಣ ಹುಡುಕಬಹುದು, ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಥರದ ತೂಕ ಇಳಿಸುವ ಇಂಜೆಕ್ಷನ್‌ಗಳನ್ನು ಆಪರೇಷನ್ ಆದವರಿಗೂ ಕೊಡಬಹುದು. ಈ ಇಂಜೆಕ್ಷನ್ ಇರುವಾಗ ಆಪರೇಷನ್ ಯಾಕೆ ಎಂದೂ ಕೇಳಿದಿರಿ. ಇಂಜೆಕ್ಷನ್ ನಿಲ್ಲಿಸಿದರೆ ತೂಕದ ಬಹುಭಾಗ ವಾಪಸ್ ಬರುತ್ತದೆ. ತೂಕ ಅಷ್ಟೇನೂ ಜಾಸ್ತಿ ಇಲ್ಲದವರಿಗೆ ಮೊದಲು ಔಷಧಿ ನೋಡುವುದು ಸರಿ ಅನ್ನಿಸುತ್ತದೆ. ಬಿಎಂಐ (ಎತ್ತರಕ್ಕೆ ಹೋಲಿಸಿದರೆ ತೂಕ ಎಷ್ಟು ಎಂದು ಹೇಳುವ ಸಂಖ್ಯೆ) ಬಹಳ ಮೇಲಿದ್ದು ಡಯಾಬಿಟಿಸ್ ಕೂಡ ಇರುವವರಿಗೆ, ದಶಕಗಳ ದಾಖಲೆ ಇರುವುದು ಆಪರೇಷನ್‌ಗೇ. 1991ರ ನಿಯಮದಲ್ಲಿ ಆಪರೇಷನ್‌ಗೆ ಬಿಎಂಐ 40, ಅಥವಾ ಜೊತೆಗೆ ಕಾಯಿಲೆ ಇದ್ದರೆ 35 ಬೇಕಿತ್ತು. 2022ರಲ್ಲಿ ತಜ್ಞರ ಸಂಘಗಳು ಅದನ್ನು 35ಕ್ಕೆ ಇಳಿಸಿ, ಡಯಾಬಿಟಿಸ್‌ನಂಥದ್ದು ಇದ್ದರೆ 30ಕ್ಕೂ ಯೋಚಿಸಬಹುದು ಎಂದವು. ಏಷ್ಯಾದ ಜನರಿಗೆ ಈ ಮಿತಿ ಇನ್ನೂ ಕಡಿಮೆ.

ಕೊನೆಯ ಚೀಟಿ ಇದು. "ಆರು ವರ್ಷದ ಹಿಂದೆ ಬೈಪಾಸ್ ಆಗಿದೆ, ಮೂರು ವರ್ಷದಿಂದ ಎಲ್ಲೂ ತೋರಿಸಿಲ್ಲ, ಮಾತ್ರೆಯೂ ಬಿಟ್ಟಿದ್ದೇನೆ. ಈಗ ಹೋದರೆ ಬೈಯುತ್ತಾರೆ." ಬೈದರೆ ಬೇರೆ ಡಾಕ್ಟರ ಹತ್ತಿರ ಹೋಗಿ. ಆಪರೇಷನ್ ಮಾಡಿದವರೇ ಆಗಬೇಕೆಂದಿಲ್ಲ, ನಿಮ್ಮ ಮಾಮೂಲಿ ಡಾಕ್ಟರೇ ಸಾಕು. ಈ ವಾರವೇ ಹಿಮೋಗ್ಲೋಬಿನ್, ಫೆರಿಟಿನ್ (ದೇಹದ ಕಬ್ಬಿಣದ ಸಂಗ್ರಹ ತಿಳಿಸುವುದು), ಬಿ12, ಫೋಲೇಟ್, ವಿಟಮಿನ್ ಡಿ, ಕ್ಯಾಲ್ಸಿಯಂ, ಪ್ಯಾರಾಥೈರಾಯ್ಡ್ ಹಾರ್ಮೋನ್, ಶುಗರ್‌ನ ಮೂರು ತಿಂಗಳ ಸರಾಸರಿ, ಲಿವರ್, ಕಿಡ್ನಿ ಇಷ್ಟನ್ನು ಮಾಡಿಸಿ. ಪಾದ ಜೋಮು ಹಿಡಿಯುತ್ತಿದ್ದರೆ ಅಥವಾ ನಡಿಗೆಯಲ್ಲಿ ತಪ್ಪುತ್ತಿದ್ದರೆ ಅದನ್ನೇ ಮೊದಲು ಹೇಳಿ. ಹಾಗಿದ್ದಾಗ ಬಿ12 ಮಾತ್ರೆಗಾಗಿ ಕಾಯದೆ ಇಂಜೆಕ್ಷನ್‌ನಲ್ಲೇ ಶುರು ಮಾಡುತ್ತಾರೆ. ರಿಪೋರ್ಟ್ ಬಂದ ಮೇಲೆ ಮುಂದಿನ ವರ್ಷದ ತಾರೀಖನ್ನು ಅಲ್ಲೇ ಬರೆಸಿಕೊಂಡು ಬನ್ನಿ.